ಶ್ರಾವಣದಲ್ಲಿ ಹೊತ್ತದ ದೀಪ

ದೀಪ ಮತ್ತೆ ಹೊತ್ತಿತು.

ದಸರಾ ಕಳೆದ ವಾರ. ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಡೊಂಬಿವಲಿಯ ನಮ್ಮ ಸೊಸೈಟಿಯ ಗೇಟು ದಾಟಿ ಹೋಟೆಲಿನ ಕಡೆ ತಿರುಗಿದ್ದೆನಷ್ಟೆ— ಕಾರಿನ ಮೀಟರಿನ ಮೂಲೆಯಲ್ಲಿ ಇಂಜಿನ್ನಿನ ಆಕಾರದ ಆ ಹಳದಿ ದೀಪ!

ಇದು ನಾಲ್ಕನೇ ಸಲ. ಜೂನ್‌ನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ, ಚೌತಿ ಕಳೆದ ಮೇಲೆ ಒಮ್ಮೆ, ಈಗ ಇನ್ನೊಮ್ಮೆ. ಹಿಂದಿನ ಮೂರು ಸಲವೂ ಗ್ಯಾರೇಜಿನವರು ಹೇಳಿದ್ದು ಒಂದೇ ಮಾತು— ಆಕ್ಸಿಜನ್ ಸೆನ್ಸರ್ ಸತ್ತಿದೆ. ಪ್ರತಿ ಸಲವೂ ಹೊಸದು ಹಾಕಿದ್ದರು. ಹೊಸದೂ ಸತ್ತಿತ್ತು. ಹೊಸ ಸಾಮಾನು ಹೀಗೆ ಸಾಲಾಗಿ ಸಾಯುತ್ತದೆಯೆ? ಅಥವಾ ಹಾಕಿದ್ದು ಹೊಸದೇ ಅಲ್ಲವೆ?

ನಾನು ಸುದರ್ಶನ ಶೆಟ್ಟಿ. ಸ್ಟೇಷನ್ನಿನ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಶುದ್ಧ ಶಾಕಾಹಾರಿ ಹೋಟೆಲು ನಡೆಸುತ್ತಿದ್ದೇನೆ. ಎಪ್ಪತ್ತೆರಡು ಮನೆಗಳ ಸೊಸೈಟಿಗೆ ಸೆಕ್ರೆಟರಿ. ಕಾಯುವುದು ನನ್ನಿಂದಾಗದ ಕೆಲಸ. ಚಹಾ ಆರುವ ತನಕ ತಡೆಯಲಾರದೆ ದಿನಕ್ಕೊಮ್ಮೆಯಾದರೂ ನಾಲಿಗೆ ಸುಟ್ಟುಕೊಳ್ಳುವವನು. ಲಿಫ್ಟಿನ ಗುಂಡಿ ಒತ್ತಿ, ಅದು ಬರುವಷ್ಟರಲ್ಲಿ ಮೆಟ್ಟಿಲಲ್ಲೇ ಇಳಿದು ಹೋಗಿರುತ್ತೇನೆ. ಆ ದಿನವೂ ಹಾಗೇ ಆಯಿತು. ಹೋಟೆಲು ಹಾಳಾಗಲಿ ಎಂದು ಕಾರನ್ನು ಶೀಳ್ ಫಾಟಾದ ಕಡೆ ತಿರುಗಿಸಿ ನೇರ ಕಳಂಬೋಲಿಗೆ ಹೊಡೆದೆ.

ಗುರುನಾಥನ ಗ್ಯಾರೇಜು ಅಲ್ಲಿನ ಸ್ಟೀಲ್ ಮಾರ್ಕೆಟ್ಟಿನ ಹಿಂದೆ. ವಿಜಯಪುರದವನು, ಮೊದಲು ಡೊಂಬಿವಲಿಯಲ್ಲೇ ಇದ್ದ. ನಮ್ಮ ಸೊಸೈಟಿಯ ಏಳೆಂಟು ಕಾರುಗಳು ಇಂದಿಗೂ ಅವನ ಹತ್ತಿರವೇ ಹೋಗುತ್ತವೆ. ಅವನಲ್ಲಿ ವೈರು, ಸೆನ್ಸರ್, ಕಂಪ್ಯೂಟರಿನ ಕೆಲಸವೆಲ್ಲ ಭಾಗ್ಯಾಳದು. ಕಲಬುರಗಿ ಕಡೆಯ ಹೆಂಗಸು, ಮೂವತ್ತರ ಆಸುಪಾಸು. ಬರುವ ತಿಂಗಳು ಕಾಮೋಠೆಯಲ್ಲಿ ತೆರೆಯಲಿರುವ ಎರಡನೇ ಗ್ಯಾರೇಜನ್ನು ಅವಳ ಕೈಗೇ ಒಪ್ಪಿಸುತ್ತೇನೆ ಎಂದು ಗುರುನಾಥ ಬಂದವರಿಗೆಲ್ಲ ಹೇಳುತ್ತಿದ್ದ.

ಅವಳು ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದಳು. ಪರದೆಯ ಮೇಲೆ ಅದೇ ಕೋಡು ಬಂತು— ಪಿ ಸೊನ್ನೆ ಒಂದು ನಾಲ್ಕು ಒಂದು.

“ಮತ್ತ ಅದೇ ರೀ ಶೆಟ್ಟರ. ಹಿಂಬದಿ ಸೆನ್ಸರಿನ ಹೀಟರ್.”

“ಅದನ್ನು ನಾನೂ ಹೇಳುತ್ತೇನೆ! ಯಾಕೆ ಅಂತ ಹೇಳಿ!”

ಅವಳು ಕಾರನ್ನು ಮೇಲೆತ್ತಿಸಿ ಕೆಳಗೆ ಹೋದಳು. ಫ್ಯೂಸು ನೋಡಿದಳು. ವೈರನ್ನು ಬೆರಳಲ್ಲಿ ಸವರುತ್ತ ಬಂದಳು. ಸೆನ್ಸರನ್ನು ಬಿಚ್ಚಿ ಮೀಟರಿನ ಎರಡು ಕಡ್ಡಿ ಹಿಡಿದು ನೋಡಿ ತಲೆ ಅಲ್ಲಾಡಿಸಿದಳು.

“ಪ್ಲಗ್ಗಿನ ತನಕ ಕರೆಂಟ್ ಚಲೋ ಬರಾಕತ್ತದ್ರಿ. ಇಲಿ ಕಡಿದಿಲ್ಲ, ವೈರ್ ಸುಟ್ಟಿಲ್ಲ. ಸೆನ್ಸರಿನ ಒಳಗ ಹೀಟರ್ ಕಡದು ಹೋಗ್ಯದ. ಗಾಡಿ ಎಲ್ಲಿ ನಿಂದರಸ್ತೀರಿ? ನೀರು ನಿಂತ ರೋಡಿನ್ಯಾಗ ಇಳಸ್ತೀರೇನು? ಬಿಸಿ ಇದ್ದಾಗ ಕೆಳಗ ನೀರು ಹೊಡೀತೀರೇನು? ಕಲ್ಲು ಬಡದದೇನು?”

“ಇಲ್ಲ! ಇಲ್ಲ! ಇಲ್ಲ! ಜುಲೈಯಲ್ಲೂ ಇದನ್ನೇ ಕೇಳಿದ್ದೀರಿ. ಮಾರ್ಕೆಟ್ಟಿಗೆ ಹೋಗುತ್ತದೆ, ತರಕಾರಿ ತರುತ್ತದೆ, ಮನೆಗೆ ಬರುತ್ತದೆ. ತೊಳೆಯುವವನು ಬೇರೆ. ನನ್ನನ್ನು ಏನು ಕೇಳುತ್ತೀರಿ? ಡಬ್ಬಿಯಲ್ಲಿದ್ದ ಒಳ್ಳೆಯ ಸೆನ್ಸರ್ ಎಲ್ಲಿ ಹೋಯಿತು, ಅದನ್ನು ಹೇಳಿ!”

ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಭಾಗ್ಯಾ ಕೈಯಲ್ಲಿದ್ದ ಸೆನ್ಸರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಏನಂದ್ರಿ?”

“ಒಳ್ಳೆಯದನ್ನು ಬೇರೆ ಕಡೆ ಕಳಿಸಿ ನನಗೆ ಡೂಪ್ಲಿಕೇಟ್ ಹಾಕಿದ್ದೀರಿ ಅಂದೆ.”

“ನಾ ಕದ್ದಿಲ್ರಿ,” ಎಂದಳು. ದನಿ ಏರಿಸಲಿಲ್ಲ. ಅದು ನನ್ನನ್ನು ಇನ್ನೂ ಕೆರಳಿಸಿತು.

ಗುರುನಾಥ ಓಡಿ ಬಂದ. ಅವನ ಮುಖ ಬಿಳಿಚಿತ್ತು. “ಶೆಟ್ಟರ, ಶನಿವಾರದ ತನಕ ಟೈಮ್ ಕೊಡ್ರಿ. ನಾ ವಿಚಾರ ಮಾಡ್ತೀನಿ. ಕದ್ದದ್ದು ಖರೆ ಇದ್ರ, ಕಾಮೋಠೆ ಬಿಡ್ರಿ, ಇಲ್ಲೂ ಆಕಿ ಇರೂದಿಲ್ಲ.”

ಸೆನ್ಸರಿನ ತೂತಿಗೆ ಬೋಲ್ಟು ಬಿಗಿಸಿ ಕಾರು ಕೊಟ್ಟರು. ಅಷ್ಟಕ್ಕೇ ಬಿಟ್ಟೆನೆ? ಶೀಳ್ ಫಾಟಾದ ಸಿಗ್ನಲ್ಲಿನಲ್ಲಿ ಕಾಯುತ್ತಾ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಹಿಂದಿಯಲ್ಲಿ ಬರೆದೆ: ‘ಎಚ್ಚರಿಕೆ. ಕಳಂಬೋಲಿಯ ಗ್ಯಾರೇಜಿನಲ್ಲಿ ಭಾಗ್ಯಾ ಎಂಬ ಹೆಂಗಸು ಒಳ್ಳೆಯ ಸಾಮಾನು ಕದ್ದು ಡೂಪ್ಲಿಕೇಟ್ ಹಾಕುತ್ತಾಳೆ.’ ಸಿಗ್ನಲ್ ಹಸಿರಾಗುವಷ್ಟರಲ್ಲಿ ಹನ್ನೊಂದು ಹೆಬ್ಬೆರಳು ಬಂದಿದ್ದವು. ಸಂಜೆಯೊಳಗೆ ಮೂರು ಮನೆಯವರು ಗುರುನಾಥನಿಗೆ ಫೋನ್ ಮಾಡಿ ನಮ್ಮ ಕಾರು ಬರುವುದಿಲ್ಲ ಎಂದರು.

ಅಂದು ಮನೆಯಲ್ಲಿ ಮೋಹಿನಿ, ಎಂದರೆ ನನ್ನ ಹೆಂಡತಿ, ಊಟ ಬಡಿಸುತ್ತಾ ಕೇಳಿದಳು: “ಅವಳು ಕದ್ದದ್ದನ್ನು ನೀವು ನೋಡಿದ್ದೀರಾ?”

“ನೋಡಬೇಕಾ? ಸಾಲಾಗಿ ಮೂರು ಹೊಸ ಸೆನ್ಸರ್ ಸಾಯ್ತದಾ ಯಾರಿಗಾದ್ರೂ?”

“ನೋಡದೆ ಹೆಸರು ಹಾಕಿ ಬರೆದ್ರಾ!” ಎಂದು ಪಾತ್ರೆ ಕುಕ್ಕಿದಳು. “ನಾನು ಅಣ್ಣನಿಗೆ ಫೋನ್ ಮಾಡ್ತೇನೆ.”

ಅವಳ ಅಣ್ಣ ಕಿಟ್ಟಣ್ಣ ಸೀವುಡ್ಸಿನಲ್ಲಿರುತ್ತಾರೆ. ಮೂವತ್ತೈದು ವರ್ಷ ವಿಮೆ ಕಂಪೆನಿಗಳಿಗೆ ವಾಹನಗಳ ಸರ್ವೇಯರ್ ಆಗಿದ್ದವರು. ಅಪಘಾತವಾದ, ಸುಟ್ಟುಹೋದ, ಹೊಳೆಗೆ ಬಿದ್ದ ಸಾವಿರಾರು ಕಾರುಗಳ ಕೆಳಗೆ ಮಲಗಿ ಎದ್ದ ಮನುಷ್ಯ. ಅವರ ನಿಧಾನ ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಹೌದು ಎನ್ನುವುದಕ್ಕೂ ಒಮ್ಮೆ ಕನ್ನಡಕ ಒರೆಸಿಕೊಳ್ಳಬೇಕು.

ಅವರು ಬಂದದ್ದು ಶುಕ್ರವಾರ ಹನ್ನೊಂದಕ್ಕೆ, ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಕೈಯಲ್ಲೊಂದು ಹಳೆಯ ಟಾರ್ಚು ಹಿಡಿದು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಭಾವ, ಮೊದಲು ಕಾರು ನೋಡುವ. ಚಹಾ ಆಮೇಲೆ.”

ಪಾರ್ಕಿಂಗಿನಲ್ಲಿ ಕಾರಿನ ಅಡಿಯ ನೆಲ ಇನ್ನೂ ಒದ್ದೆಯಾಗಿತ್ತು. ಕಿಟ್ಟಣ್ಣ ಪೇಪರ್ ಹಾಸಿ ಮಲಗಿ ಒಳಗೆ ಸರಿದರು. ಟಾರ್ಚಿನ ಬೆಳಕು ಅತ್ತ ಇತ್ತ ಓಡಾಡಿತು. ಒಂದು ನಿಮಿಷ. ಐದು ನಿಮಿಷ. ನಾನು ಕಾರನ್ನು ಆರು ಸುತ್ತು ಹಾಕಿದೆ.

“ಕಿಟ್ಟಣ್ಣ, ಎಂತದಾದ್ರೂ ಸಿಕ್ಕಿತಾ?”

“ಸಿಕ್ಕಿತು.”

“ಎಂತ?”

ಹೊರಗೆ ಬಂದು ಅಂಗೈ ತೋರಿಸಿದರು. ಉಗುರಿನಷ್ಟು ಅಗಲದ, ಅರ್ಧ ಸುಟ್ಟು ಅರ್ಧ ಹೊಳೆಯುವ ಒಂದು ತೆಳು ಚೂರು. ಸೈಲೆನ್ಸರ್ ಪೈಪಿಗೆ ಅಂಟಿಕೊಂಡಿತ್ತಂತೆ. ಪ್ಲಾಸ್ಟಿಕ್ ಇರಬೇಕು ಎಂದೆ. ಅವರು ಅದನ್ನು ಕರವಸ್ತ್ರದಲ್ಲಿ ಮಡಿಸಿಟ್ಟರು.

ಅತ್ತ ಜಟ್ಟೆಪ್ಪ ಬಕೆಟ್ಟು ಹಿಡಿದು ಹೋಗುತ್ತಿದ್ದ. ರಾಯಚೂರಿನವನು, ನಮ್ಮ ಸೊಸೈಟಿಯ ಕಾರುಗಳನ್ನೆಲ್ಲ ತೊಳೆಯುವವನು. ಕಿಟ್ಟಣ್ಣ ಅವನನ್ನು ಕರೆದರು.

“ಈ ಗಾಡಿ ತೊಳೆಯುವುದು ನೀನೇನಪ್ಪಾ?”

“ಹೌದ್ರಿ, ನಾನೇರಿ. ಬಟ್ಟಿ ಒದ್ದಿ ಮಾಡಿ ಒರಸ್ತೀನಿ, ಅಷ್ಟೇ. ಅದೂ ವಾರದಾಗ ಮೂರು ದಿನ ಬಿಟ್ಟು—”

“ಯಾವ ಮೂರು ದಿನ?”

“ಕಿಟ್ಟಣ್ಣ!” ನಾನು ನಡುವೆ ಬಾಯಿ ಹಾಕಿದೆ. “ಬಟ್ಟೆಯಲ್ಲಿ ಒರೆಸಿದ್ರೆ ಸೆನ್ಸರ್ ಸಾಯ್ತದಾ? ಇವನನ್ನು ಯಾಕೆ ಕೇಳೋದು? ಕಳ್ಳಿ ಇರುವುದು ಕಳಂಬೋಲಿಯಲ್ಲಿ!”

ಕಿಟ್ಟಣ್ಣ ನನ್ನ ಮುಖ ನೋಡಿದರು, ಜಟ್ಟೆಪ್ಪನ ಮುಖ ನೋಡಿದರು. ಕನ್ನಡಕ ಒರೆಸಿಕೊಂಡರು.

“ಸರಿ. ಊಟ ಮಾಡುವ.”

ಮೇಲೆ ಬಂದೆವು. ಮೋಹಿನಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದಳು. ಒಗ್ಗರಣೆಗೆ ಮೊದಲು ನಾನು ಎಂದಿನಂತೆ ನಾಲ್ಕು ಕಿಟಕಿಗಳನ್ನೂ ಮುಚ್ಚಿ, ಬಾಗಿಲಿನ ಸಂದಿಗೆ ಚಾಪೆ ಒತ್ತಿ, ದೇವರ ಮುಂದೆ ಎರಡು ಊದುಬತ್ತಿ ಹಚ್ಚಿ ಬಂದೆ. ಪಕ್ಕದ ಮನೆ ಫಡ್ಕೆ ಕಾಕುವಿನದು. ಎಪ್ಪತ್ತರ ಮರಾಠಿ ಹೆಂಗಸು, ಬಿಲ್ಡಿಂಗಿಗೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಈರುಳ್ಳಿಯನ್ನೂ ಅನುಮಾನದಿಂದ ನೋಡುವವರು.

“ಇದೆಂತ ಭಾವ, ಕಳ್ಳ ಬಟ್ಟಿ ಇಳಿಸುವವರ ಹಾಗೆ?” ಎಂದು ಕಿಟ್ಟಣ್ಣ ನಕ್ಕರು.

ಮೋಹಿನಿ ಬಿಡಲಿಲ್ಲ. “ಮೇ ತಿಂಗಳಲ್ಲಿ ನೋಟೀಸು ಅಂಟಿಸಿದ್ದಾರಲ್ಲ ಅಣ್ಣ, ಕಾಂಪೌಂಡಿನಲ್ಲಿ ಮೀನಿನ ವಾಸನೆ ಬರಬಾರದು ಅಂತ. ಸಹಿ ಯಾರದ್ದು ಕೇಳು. ಸೆಕ್ರೆಟರಿಯದ್ದು! ಬಾಗಿಲಿಗೆ ಬರುತ್ತಿದ್ದ ಮೀನಿನವಳು ಅವತ್ತಿನಿಂದ ಗೇಟಿನ ಒಳಗೆ ಬರುವ ಹಾಗಿಲ್ಲ.”

“ಹೋಟೆಲಿನ ಬೋರ್ಡು ಶುದ್ಧ ಶಾಕಾಹಾರಿ. ಸಹಿ ಹಾಕುವುದಿಲ್ಲ ಅಂತ ಹೇಳಲಿಕ್ಕೆ ಆಗ್ತದಾ?” ಎಂದೆ. ಮೀಟಿಂಗಿನಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ದಿನದ ನಾಚಿಕೆ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಿಟ್ಟಣ್ಣ ಒಂದೊಂದೇ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. “ಬಂಗುಡೆ ತಾಜಾ ಉಂಟು. ಶ್ರಾವಣದಲ್ಲಿ ನೀವು ತಿನ್ನುವುದಿಲ್ಲ ಅಲ್ವಾ ಮೋಹಿನಿ?”

“ಇಲ್ಲಪ್ಪ. ಇಲ್ಲಿಯವರ ಹಾಗೆ ನಾವೂ ಬಿಡ್ತೇವೆ. ಚೌತಿ ಮುಗಿಯುವ ತನಕ ಇಲ್ಲ. ನವರಾತ್ರಿಯಲ್ಲೂ ಇಲ್ಲ.”

“ಒಳ್ಳೆಯದಾಯ್ತು,” ಎಂದು ಕಿಟ್ಟಣ್ಣ ಕೈ ತೊಳೆಯಲು ಎದ್ದರು. ಮೀನು ತಿನ್ನದ್ದರಲ್ಲಿ ಒಳ್ಳೆಯದೆಂತಾಯ್ತು ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಕಾರಿನ ಕೀಲಿ ಆಗಲೇ ನನ್ನ ಕೈಯಲ್ಲಿತ್ತು.

ಮೂರು ಗಂಟೆಗೆ ಕಳಂಬೋಲಿಯಲ್ಲಿದ್ದೆವು. ದಾರಿಯುದ್ದಕ್ಕೂ ಆ ಹಳದಿ ದೀಪ ನನ್ನ ಮುಂದೆ ಉರಿಯುತ್ತಿತ್ತು. ಕಿಟ್ಟಣ್ಣ ನಿದ್ದೆ ಮಾಡಿದರು!

ಗ್ಯಾರೇಜಿನಲ್ಲಿ ಭಾಗ್ಯಾ ತನ್ನ ಪಾನಾ, ಸ್ಕ್ರೂಡ್ರೈವರುಗಳನ್ನೆಲ್ಲ ಒರೆಸಿ ಒಂದು ಚೀಲಕ್ಕೆ ತುಂಬುತ್ತಿದ್ದಳು. ಶನಿವಾರಕ್ಕೆ ಇನ್ನೊಂದೇ ದಿನವಿತ್ತು. ಗುರುನಾಥ ಅವಳ ಕಡೆ ನೋಡದೆ ಒಂದು ಟೈರಿನ ಜೊತೆ ಹೆಣಗುತ್ತಿದ್ದ.

“ನಮಸ್ಕಾರ ಅಮ್ಮಾ,” ಎಂದರು ಕಿಟ್ಟಣ್ಣ. “ನಾನು ಇವರ ಭಾವ. ಕೆಲವು ಪ್ರಶ್ನೆ ಕೇಳಬಹುದಾ?”

“ಕೇಳ್ರಿ. ಎಲ್ಲಾರೂ ಕೇಳ್ಯಾರ.”

“ಸತ್ತ ಸೆನ್ಸರ್‌ಗಳು ಎಲ್ಲಿವೆ?”

ಅವಳು ಮೇಜಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಅದರಲ್ಲಿ ನಾಲ್ಕು ಸೆನ್ಸರ್‌ಗಳು. ಕಾರಿನ ಜೊತೆ ಬಂದದ್ದೊಂದು, ಆಮೇಲೆ ಹಾಕಿದ್ದು ಮೂರು. ಪ್ರತಿಯೊಂದರ ಬಾಲಕ್ಕೂ ತಾರೀಕು ಬರೆದ ಟೇಪು ಸುತ್ತಿತ್ತು.

“ಹೊಸದು ಬಂದ ಡಬ್ಬಿ?”

“ಡಬ್ಬಿ ಒಗದೀನ್ರಿ. ಅದರ ಮ್ಯಾಲಿನ ಚೀಟಿ ಅದ.” ಒಂದು ಶಾಲೆಯ ನೋಟುಬುಕ್ಕು ಮುಂದಿಟ್ಟಳು. ಪುಟಪುಟಕ್ಕೂ ಕಾರಿನ ನಂಬರು, ತಾರೀಕು, ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ, ಅದರ ಪಕ್ಕದಲ್ಲಿ ಹಾಕಿದ ಸಾಮಾನಿನ ಡಬ್ಬಿಯಿಂದ ಕಿತ್ತು ಅಂಟಿಸಿದ ಚೀಟಿ. “ಐಟಿಐದಾಗ ನಮ್ಮ ಮೇಡಂ ಕಲಿಸಿದ್ರು. ಹಾಕಿದ್ದಕ್ಕ ಗುರುತು ಇಡಬೇಕಂತ.”

ಕಿಟ್ಟಣ್ಣ ಭೂತಗನ್ನಡಿ ತೆಗೆದರು. ಹೊಸದಾಗಿ ಹಾಕಿದ್ದ ಮೊದಲ ಸೆನ್ಸರಿನ ಲೋಹದ ಕುತ್ತಿಗೆಯ ಮೇಲೆ ಕೊರೆದಿದ್ದ ಸಣ್ಣ ಅಂಕಿಗಳನ್ನು ಓದಿದರು. ಚೀಟಿ ನೋಡಿದರು. ಎರಡನೆಯದು. ಮೂರನೆಯದು. ಗುರುನಾಥ ಟೈರು ಬಿಟ್ಟು ಹತ್ತಿರ ಬಂದ.

“ಭಾವ, ಹೊಸ ಡಬ್ಬಿ ತೆರೆಯುವಾಗ ನೀವು ಇಲ್ಲಿದ್ರಾ?”

“ಇದ್ದೆ. ಅಲ್ಲಿ, ಹೊರಗೆ, ಫೋನಿನಲ್ಲಿ. ನಿಂತು ನೋಡಲಿಕ್ಕೆ ಯಾರಿಗೆ ಪುರುಸೊತ್ತುಂಟು?”

“ಬನ್ನಿ, ಈಗ ನೋಡಿ. ಡಬ್ಬಿಯ ಚೀಟಿಯ ನಂಬರೂ ಸೆನ್ಸರಿನ ನಂಬರೂ ಮೂರಕ್ಕೆ ಮೂರೂ ಒಂದೇ. ಕಂಪೆನಿಯ ಡಬ್ಬಿಯಲ್ಲಿ ಬಂದದ್ದೇ ನಿಮ್ಮ ಕಾರಿಗೆ ಹೋಗಿದೆ. ನಿಮ್ಮ ಕಾರಿನಿಂದ ಬಂದದ್ದೇ ಈ ಡಬ್ಬಿಯಲ್ಲಿದೆ. ಇವರು ಎಂತದನ್ನೂ ಕದ್ದಿಲ್ಲ.”

ಗುರುನಾಥ ಹಣೆ ಒರೆಸಿಕೊಂಡ.

“ಹಂಗಾದ್ರ ಒರಿಜಿನಲ್ ಮಾಲ್ ಮೂರು ಸಲ ಸತ್ತಿದ್ದು ಯಾಕರೀ ಸಾಹೇಬ್ರ? ಕಾರಣ ಇಲ್ದ ಅದು ಸಾಯೂದಿಲ್ಲ.”

“ಸತ್ತದ್ದಲ್ಲ, ಕೊಂದದ್ದು.” ಕಿಟ್ಟಣ್ಣ ಒಂದು ಸೆನ್ಸರನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಕಿಣಿಕಿಣಿ ಎಂದಿತು. “ಇದರ ಒಳಗೆ ಪಿಂಗಾಣಿಯ ಒಂದು ಕಡ್ಡಿ ಉಂಟು. ಹೊಗೆಯ ಪೈಪಿನೊಳಗೆ ಮೂಗು ತೂರಿಸಿಕೊಂಡು, ಕೆಂಡದ ಹಾಗೆ ಕಾದು ಕೆಲಸ ಮಾಡುವಂಥದ್ದು. ಹೀಟರಿನ ತಂತಿ ಅದರೊಳಗೇ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹೊಯ್ದರೆ ಎಂತ ಆಗ್ತದೆ?”

“ಒಡೀತದ,” ಎಂದಳು ಭಾಗ್ಯಾ. ಅವಳ ಕಣ್ಣು ಮೊದಲ ಸಲ ಮೇಲೆದ್ದಿತು.

“ಪಿಂಗಾಣಿ ಒಡೆದರೆ ತಂತಿಯೂ ಕಡಿಯಿತು, ದೀಪ ಹೊತ್ತಿತು.”

“ಮಳೆ!” ಎಂದೆ. “ಈ ಮಳೆಗಾಲದಲ್ಲಿ ರಸ್ತೆ ತುಂಬಾ ನೀರು! ಅದೇ ಇರಬೇಕು!”

“ಓಡುವಾಗ ಚಿಮ್ಮುವ ನೀರಿಗೆ ತಡೆಯುವ ಹಾಗೆ ಅದನ್ನು ಮಾಡಿರ್ತಾರೆ. ಅದೂ ಅಲ್ಲದೆ— ಅಮ್ಮಾ, ದೀಪ ಹೊತ್ತಿದ ದಿನಗಳನ್ನು ಓದಿ.”

ಭಾಗ್ಯಾ ನೋಟುಬುಕ್ಕು ತಿರುವಿದಳು. “ಜೂನ್‌ದಾಗ ಬುಧವಾರ. ಜುಲೈದಾಗ ಐತವಾರ. ಚೌತಿ ಆದ ಮ್ಯಾಲ ಶುಕ್ರವಾರ. ಈಗ ಮತ್ತ ಬುಧವಾರ.”

“ಜುಲೈಯಿಂದ ಚೌತಿಯ ತನಕ?”

“ಏನೂ ಇಲ್ರಿ. ಅದೊಂದು ಬಾಳಿದ್ದು ನೋಡ್ರಿ, ಮತ್ತ್ಯಾವುದೂ ಅಷ್ಟು ದಿನ ಬಾಳಿಲ್ಲ.”

“ನಡುವೆ ಶ್ರಾವಣ ಪೂರ್ತಿ ಬಂತು. ಕಲ್ಯಾಣದಲ್ಲಿ ರಸ್ತೆ ಮುಳುಗಿದ್ದು ಶ್ರಾವಣದಲ್ಲೇ. ಭಾವ ಆಗಲೂ ದಿನಾ ಬೆಳಿಗ್ಗೆ ಅದೇ ರಸ್ತೆಯಲ್ಲಿ ಕಲ್ಯಾಣದ ತರಕಾರಿ ಮಾರ್ಕೆಟ್ಟಿಗೆ ಹೋಗಿದ್ದಾರೆ. ದೀಪ ಹೊತ್ತಲಿಲ್ಲ. ನವರಾತ್ರಿಯಲ್ಲೂ ಹೊತ್ತಲಿಲ್ಲ. ರಸ್ತೆ ಅದೇ, ಮಳೆ ಅದೇ, ಮೆಕ್ಯಾನಿಕ್ ಅವರೇ. ಹಾಗಾದ್ರೆ ಶ್ರಾವಣದಲ್ಲಿ ಇಲ್ಲದ್ದು ಎಂತದು? ಬುಧವಾರ, ಶುಕ್ರವಾರ, ಭಾನುವಾರ ಮಾತ್ರ ಇರುವಂಥದ್ದು ಎಂತದು?”

ನಾನು ಬಾಗಿಲಿನ ಕಡೆ ನೋಡಿದೆ.

ಕಿಟ್ಟಣ್ಣ ಕರವಸ್ತ್ರ ಬಿಡಿಸಿ ಆ ಹೊಳೆಯುವ ಚೂರನ್ನು ಮೇಜಿನ ಮೇಲಿಟ್ಟರು.

“ಪ್ಲಾಸ್ಟಿಕ್ ಅಲ್ಲ ಭಾವ. ಮೀನಿನ ಹುರುಪೆ.”

ಭಾಗ್ಯಾ ಬಗ್ಗಿ ನೋಡಿದಳು. ಗುರುನಾಥ ನನ್ನನ್ನು ನೋಡಿದ. ಶುದ್ಧ ಶಾಕಾಹಾರಿ ಸೆಕ್ರೆಟರಿಯನ್ನು.

“ಉಳಿದದ್ದು ನೀವು ಹೇಳ್ತೀರಾ, ನಾನು ಹೇಳಬೇಕಾ?”

ನಾನು ಆ ಹುರುಪೆಯನ್ನೇ ನೋಡುತ್ತ ನಿಂತೆ. ಜೀವಮಾನದಲ್ಲಿ ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅದೇ ಮೊದಲು. ಕಿಟ್ಟಣ್ಣನೇ ಮುಂದುವರಿಸಿದರು.

“ಮೇ ತಿಂಗಳಲ್ಲಿ ಇವರ ಸಹಿಯ ನೋಟೀಸು ಬಂತು. ಮೀನಿನವಳು ಬಾಗಿಲಿಗೆ ಬರುವುದು ನಿಂತಿತು. ಡೊಂಬಿವಲಿಯ ಮೀನು ಮಾರ್ಕೆಟ್ಟಿಗೆ ಹೋದರೆ ಗಿರಾಕಿಗಳು ನೋಡ್ತಾರೆ. ಹಾಗಾಗಿ ವಾರಕ್ಕೆ ಮೂರು ದಿನ, ತರಕಾರಿ ತೆಗೆದುಕೊಂಡ ಮೇಲೆ, ಅಲ್ಲಿಯೇ ಉಪ್ಪುನೀರಿನ ಖಾಡಿಯ ದಂಡೆಯಲ್ಲಿರುವ ಮೀನು ಮಾರುವ ಜಾಗಕ್ಕೆ ಕಾರು ಹೋಗ್ತದೆ. ಅಲ್ಲಿ ನೆಲದ ತುಂಬ ಮೀನು ತೊಳೆದ ನೀರು. ಅದು ಚಿಮ್ಮಿ ಕಾದ ಸೈಲೆನ್ಸರಿಗೆ ಬಿದ್ದು ಸುಡ್ತದೆ. ಮನೆಗೆ ಬಂದು ನಿಲ್ಲಿಸಿದ ಕೂಡಲೇ ಪಾರ್ಕಿಂಗ್ ತುಂಬ ಸುಟ್ಟ ಮೀನಿನ ವಾಸನೆ. ನೋಟೀಸು ಹಾಕಿದವರ ಕಾರಿನಿಂದಲೇ! ಅದು ಫಡ್ಕೆ ಕಾಕು ಹೂವು ಕೊಯ್ಯಲಿಕ್ಕೆ ಇಳಿಯುವ ಹೊತ್ತು ಬೇರೆ ಅಂತ ಮೋಹಿನಿ ಹೇಳಿದಳು. ಹತ್ತಿರ ನೀರಿನ ನಳ್ಳಿ ಉಂಟು, ಪೈಪು ಉಂಟು. ಆರಲಿಕ್ಕೆ ಬಿಡುವ ವ್ಯವಧಾನ ಇಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಕಾರಿನ ಅಡಿಗೆ ತಣ್ಣೀರಿನ ಧಾರೆ. ಇವತ್ತು ಹನ್ನೊಂದು ಗಂಟೆಗೂ ನೆಲ ಒದ್ದೆ ಇತ್ತು. ಆ ಮೂರು ದಿನ ಜಟ್ಟೆಪ್ಪ ಕಾರು ಮುಟ್ಟುವುದಿಲ್ಲ, ಸಾಹೇಬರೇ ತೊಳೆಯುತ್ತಾರೆ. ಅವನು ಅದನ್ನೇ ಹೇಳಲಿಕ್ಕೆ ಹೊರಟಿದ್ದ, ನೀವು ಬಾಯಿ ಮುಚ್ಚಿಸಿದ್ರಿ. ಪ್ರತಿ ಸಲ ಒಡೆಯುವುದಿಲ್ಲ. ಒಂದು ದಿನ ಒಡೆಯುತ್ತದೆ. ಆಮೇಲೆ ನೀವು ಸ್ನಾನ ಮುಗಿಸಿ ಹತ್ತಕ್ಕೆ ಕಾರು ಹೊರಡಿಸಿದಾಗ ದೀಪ ಹೊತ್ತಿರ್ತದೆ.”

ಕನ್ನಡಕ ತೆಗೆದು ಒರೆಸಿಕೊಂಡರು.

“ಸೆನ್ಸರ್ ಕೊಂದವರು ನೀವು, ಭಾವ.”

ನನಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. “ನನಗೆ ಗೊತ್ತಿರಲಿಲ್ಲ,” ಎಂದೆ. “ನೀರು ಬಿಟ್ಟರೆ ಹೀಗಾಗ್ತದೆ ಅಂತ ಯಾರಿಗೆ ಗೊತ್ತು?”

“ಇವರಿಗೆ ಗೊತ್ತಿತ್ತು.” ಕಿಟ್ಟಣ್ಣ ನೋಟುಬುಕ್ಕಿನ ಜುಲೈ ಪುಟವನ್ನು ನನ್ನ ಕಡೆ ತಿರುಗಿಸಿದರು. ಕಿಲೋಮೀಟರಿನ ಲೆಕ್ಕದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಒಳಗೆ ಒಡೆದದ. ಬಿಸಿ ಮ್ಯಾಲ ನೀರು? ಕೇಳಿದೆ. ಶೆಟ್ಟರು ಇಲ್ಲ ಅಂದ್ರು.’

“ಎರಡು ಸಲ ಕೇಳೀನ್ರಿ,” ಎಂದಳು ಭಾಗ್ಯಾ. “ನೀವು ಇಲ್ಲ ಅಂದ್ರಿ. ಗಿರಾಕಿ ಇಲ್ಲ ಅಂದಮ್ಯಾಲ ನಾ ಏನ್ ಮಾಡ್ಲಿ? ಬ್ಯಾರೆ ಕಡಿ ಹುಡುಕ್ಕೋತ ಕುಂತೆ. ವೈರ್ ಎಲ್ಲಾ ಬಿಚ್ಚಿ ಕಟ್ಟೀನಿ. ನನ್ನ ಕೈಯಾಗ ಏನರ ತಪ್ಪಾತೇನಂತ ನಿದ್ದಿ ಬಂದಿಲ್ಲ ನನಗ.”

ಸುಳ್ಳು ಹೇಳಿದ್ದು ಯಾರಿಗೆ ಹೆದರಿ? ಅವಳು ನನ್ನ ಸೊಸೈಟಿಯವಳೂ ಅಲ್ಲ, ನನ್ನ ಹೋಟೆಲಿನ ಗಿರಾಕಿಯೂ ಅಲ್ಲ. ನಮ್ಮ ಬಿಲ್ಡಿಂಗಿನ ಕಾರುಗಳು ಅಲ್ಲಿಗೆ ಬರುತ್ತವೆ, ಮಾತು ಎಲ್ಲಿಂದ ಎಲ್ಲಿಗೋ ಹೋದೀತು ಎಂದು ನಾಲಿಗೆ ತಾನಾಗಿ ‘ಇಲ್ಲ’ ಎಂದಿತ್ತು. ಆ ಒಂದು ಮಾತಿನಿಂದ ಈ ಹೆಂಗಸಿನ ಕೆಲಸಕ್ಕೇ ಕುತ್ತು ಬಂದಿತ್ತು. ನನಗೆ ನಿಜವಾಗಿ ದುಃಖವಾಯಿತು.

“ತಪ್ಪಾಯ್ತು,” ಎಂದೆ.

“ನನ್ನ ಮುಂದ ಅಂದ್ರ ಆಗೂದಿಲ್ರಿ. ನೀವು ಬರದದ್ದು ಎಲ್ಲಿ?”

ಹೊರಗೆ ಹೋದೆ. ಉಕ್ಕಿನ ಸರಳು ತುಂಬಿದ ಲಾರಿಗಳ ನಡುವೆ ಅತ್ತಿಂದಿತ್ತ ಹತ್ತು ಸಲ ನಡೆದೆ. ಎಪ್ಪತ್ತೆರಡು ಮನೆಗಳು. ನೋಟೀಸು. ಬೋರ್ಡು. ಫಡ್ಕೆ ಕಾಕು. ಕೊನೆಗೆ ಬರೆದೆ: ‘ಗ್ಯಾರೇಜಿನ ಮೆಕ್ಯಾನಿಕ್‌ರ ತಪ್ಪಿಲ್ಲ. ಬಿಸಿ ಕಾರಿನ ಅಡಿಗೆ ನಾನೇ ನೀರು ಬಿಟ್ಟಿದ್ದೆ.’ ಒಳಗೆ ಬಂದು ತೋರಿಸಿದೆ.

ಭಾಗ್ಯಾ ಓದಿದಳು. ಫೋನು ತಿರುಗಿ ನನ್ನ ಕೈಗೇ ಕೊಟ್ಟಳು.

“ಕಳ್ಳಿ ಅನ್ನುವಾಗ ನನ್ನ ಹೆಸರು ಹಾಕಿದ್ರಿ. ಈಗ ಬರೇ ಮೆಕ್ಯಾನಿಕ್ ಯಾಕ್ರಿ? ನೀರು ಯಾಕ ಬಿಟ್ಟ್ರಿ ಅಂತ ಇಲ್ಲಲ್ಲ? ಕಾರಣ ಇಲ್ದಿದ್ರ ಯಾರು ನಂಬ್ತಾರ?”

ಕಿಟ್ಟಣ್ಣನ ಕಡೆ ನೋಡಿದೆ. ಅವರು ಛಾವಣಿ ನೋಡುತ್ತಿದ್ದರು. ಅಳಿಸಿ ಮತ್ತೆ ಬರೆದೆ: ‘ಭಾಗ್ಯಾ ಅವರು ಕದ್ದಿಲ್ಲ. ನಾನು ಹೇಳಿದ್ದು ಸುಳ್ಳು. ನಾನು ಮೀನು ತಿನ್ನುತ್ತೇನೆ. ವಾರಕ್ಕೆ ಮೂರು ಸಲ ಕಾರಿನಲ್ಲಿ ತರುತ್ತೇನೆ. ವಾಸನೆ ಮುಚ್ಚಲು ಕಾದ ಕಾರಿಗೆ ನೀರು ಬಿಟ್ಟು ಸೆನ್ಸರ್ ಒಡೆದವನು ನಾನು. ಭಾಗ್ಯಾ ಅವರು ಮೊದಲೇ ಕಾರಣ ಕಂಡುಹಿಡಿದಿದ್ದರು, ನಾನು ಮುಚ್ಚಿಟ್ಟೆ. —ಸುದರ್ಶನ ಶೆಟ್ಟಿ, ಸೆಕ್ರೆಟರಿ.’ ಕಣ್ಣು ಮುಚ್ಚಿಕೊಂಡು ಕಳಿಸಿದೆ.

ಗುಂಪಿನಲ್ಲಿ ಒಂದು ಹೆಬ್ಬೆರಳೂ ಬರಲಿಲ್ಲ.

ಗುರುನಾಥ ಆ ಚೀಲವನ್ನೆತ್ತಿ ಭಾಗ್ಯಾಳ ಮೇಜಿನ ಮೇಲೆ ಬೋರಲು ಹಾಕಿದ. ಪಾನಾಗಳು ಸದ್ದು ಮಾಡುತ್ತ ಹರಡಿಕೊಂಡವು. “ಕಾಮೋಠೆದು ನಿನಗೇ ಅವ್ವಾ,” ಎಂದ. “ನಾನೂ ಒಂದು ಮಾತು ಕೇಳದ ಬಿಟ್ಟೆ. ನನ್ನ ಮ್ಯಾಲೂ ಸಿಟ್ಟಿರಲಿ.”

“ಅದ ರೀ,” ಎಂದಳು ಅವಳು.

ಶನಿವಾರ ನಾಲ್ಕನೆಯ ಹೊಸ ಸೆನ್ಸರ್ ಬಂತು. ನಾನು ಅಭ್ಯಾಸಬಲದಿಂದ ಫೋನು ಹಿಡಿದು ಹೊರಗೆ ಹೊರಟಿದ್ದೆ.

“ಶೆಟ್ಟರ, ಇಲ್ಲೇ ನಿಂದರ್ರಿ. ಡಬ್ಬಿ ಒಡೀತೀನಿ. ನೋಡ್ರಿ.”

ನಿಂತೆ. ಅವಳು ಚೀಟಿ ಕಿತ್ತು ಪುಟಕ್ಕೆ ಅಂಟಿಸಿದಳು, ನಂಬರು ಓದಿಸಿದಳು, ನನ್ನಿಂದ ಸಹಿ ಹಾಕಿಸಿಕೊಂಡಳು. ಅರ್ಧ ಗಂಟೆ ಹಿಡಿಯಿತು. ದೀಪ ಆರಿತು.

“ಮೀನು ತರೂದು ಬಿಡ್ರಿ ಅಂತ ನಾ ಹೇಳೂದಿಲ್ಲ,” ಎಂದಳು. “ಗಾಡಿ ಬಂದ್ ಮಾಡಿ ಅರ್ಧಾ ತಾಸು ಆರಲಿ. ಆಮ್ಯಾಲ ಎಷ್ಟರ ನೀರು ಹಾಕ್ರಿ.”

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಪಾರ್ಕಿಂಗಿಗೆ ಬಂದು ಕಾರು ನಿಲ್ಲಿಸಿದೆ. ಸುಟ್ಟ ಮೀನಿನ ವಾಸನೆ ಮೆಲ್ಲಗೆ ಮೇಲೆದ್ದಿತು. ಪೈಪು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ಕೈ ತುರಿಸಿತು. ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಹಾಲಿನವನು ಹೋದ. ಮೂರನೇ ಮಹಡಿಯ ದಂಪತಿ ಮೂಗು ಮುಚ್ಚಿಕೊಂಡು ಹೋದರು. ಶುಕ್ರವಾರದಿಂದ ಅವರು ನನಗೆ ನಮಸ್ಕಾರ ಹೇಳುವುದು ನಿಲ್ಲಿಸಿದ್ದರು.

ಲಿಫ್ಟಿನ ಬಾಗಿಲು ತೆರೆಯಿತು. ಹೂವಿನ ಬುಟ್ಟಿ ಹಿಡಿದು ಫಡ್ಕೆ ಕಾಕು ಬಂದರು. ಕಾರಿನ ಹತ್ತಿರ ನಿಂತರು. ಮೂಗೆತ್ತಿ ಒಮ್ಮೆ ಮೂಸಿದರು.

“ಬಾಂಗಡಾ?” ಎಂದರು.

“ಹೌದು ಕಾಕು, ಬಂಗುಡೆ,” ಎಂದು ಮರಾಠಿಯಲ್ಲೇ ಹೇಳಿ ತಲೆ ತಗ್ಗಿಸಿದೆ.

“ನಾಲ್ಕು ತಿಂಗಳಿಂದ ಈ ವಾಸನೆ ನನಗೆ ಬರುತ್ತಿದೆ. ಬಡಪಾಯಿ ವಾಚ್‌ಮನ್ ಇರಬೇಕು ಎಂದುಕೊಂಡಿದ್ದೆ. ಅವನ ಜೊತೆ ಮಾತು ಬಿಟ್ಟಿದ್ದೆ.” ಅವರ ದನಿಯಲ್ಲಿ ಕೋಪವೋ ನಾಚಿಕೆಯೋ ನನಗೆ ತಿಳಿಯಲಿಲ್ಲ. ಸ್ವಲ್ಪ ದೂರ ಹೋದವರು ತಿರುಗಿ ಬಂದರು. “ನನ್ನ ಮಗನ ಕಾರಿನಲ್ಲೂ ಆ ಹಳದಿ ದೀಪ ಹೊತ್ತಿದೆ. ಆ ಭಾಗ್ಯಾಳ ನಂಬರ್ ಕೊಡು.”

ಕೊಟ್ಟೆ. ಕಾಕು ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಫೋನಿನಲ್ಲಿ ಬರೆದುಕೊಂಡು ಹೂವು ಕೊಯ್ಯಲು ಹೋದರು.

ಗಡಿಯಾರ ನೋಡಿದೆ. ಅರ್ಧ ತಾಸಿಗೆ ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು. ಕೂತೇ ಇದ್ದೆ.